ಹೇಳಿದೋನೊಬ್ಬ, ಹೆಸರಿಟ್ಟೋನೊಬ್ಬ, ಬಳಸ್ಕೊಂಡೋನು ಇನ್ನೊಬ್ಬ

ಮನ್ರೋ ಡಾಕ್ಟ್ರಿನ್, ಟ್ರೂಮನ್ ಡಾಕ್ಟ್ರಿನ್, ನಿಕ್ಸನ್ ಡಾಕ್ಟ್ರಿನ್ ಅಂತೆಲ್ಲ, ಅಂದ್ರೆ ಅಮೆರಿಕದ ಪ್ರೆಸಿಡೆಂಟ್‌ಗಳ ಹೆಸರಲ್ಲಿರೋ ವಿದೇಶಾಂಗ ನೀತಿಯ ನಿಲುವುಗಳನ್ನ ಓದುವಾಗ ನಾನು ತುಂಬಾ ದಿನ ಅಂದ್ಕೊಂಡಿದ್ದು ಇವೆಲ್ಲ ಏನೋ ಸೀಲು ಹಾಕಿದ ದಾಖಲೆಗಳು, ಅಮೆರಿಕನ್ ಕಾಂಗ್ರೆಸ್ಸಲ್ಲಿ ವೋಟಾಗಿ, ಪ್ರೆಸಿಡೆಂಟ್ ಸೈನ್ ಹಾಕಿ, ಎಲ್ಲೋ ಒಂದು ಬೀರುವಲ್ಲಿ ಭದ್ರವಾಗಿ ಇಟ್ಟಿರ್ತಾರೆ ಅಂತ. ಪರೀಕ್ಷೆಗೆ ಓದಿದ್ದೂ ಹಂಗೇ ತಾನೆ, ಇಸವಿ ಇಷ್ಟು, ಹೆಸರು ಇದು, ಉದ್ದೇಶ ಇದು, ಮುಂದಿನ ಪ್ರಶ್ನೆ. ಆಮೇಲೆ ಯಾವಾಗ್ಲೋ ಕುತೂಹಲಕ್ಕೆ ಮೂಲ ಭಾಷಣಗಳನ್ನೇ ಹುಡುಕಿ ಓದೋಕೆ ಕೂತೆ ನೋಡಿ, ಆಗ ಗೊತ್ತಾಯ್ತು ಅಂಥ ಬೀರುನೇ ಇಲ್ಲ.

ಅಮೆರಿಕದ ಸಂವಿಧಾನದಲ್ಲಿ ಡಾಕ್ಟ್ರಿನ್ ಅನ್ನೋ ವ್ಯವಸ್ಥೆನೇ ಇಲ್ಲ. ಬೇರೆ ದೇಶದ ಜೊತೆ ಒಪ್ಪಂದ ಮಾಡ್ಕೋಬೇಕಂದ್ರೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು, ಯುದ್ಧ ಘೋಷಣೆ ಮಾಡೋ ಅಧಿಕಾರ ಕಾಂಗ್ರೆಸ್ಸಿಂದು, ದುಡ್ಡು ಕೊಡೋದೂ ಕಾಂಗ್ರೆಸ್ಸೇ. ಆದ್ರೆ ಪ್ರೆಸಿಡೆಂಟ್ ಬಾಯಿಬಿಟ್ಟು "ಇನ್ಮೇಲೆ ನಮ್ಮ ನಿಲುವು ಇದು" ಅನ್ನೋಕೆ ಯಾರ ಪರ್ಮಿಷನ್ನೂ ಬೇಡ. ಹಂಗೆ ಅಂದಿದ್ದೆಲ್ಲ ಡಾಕ್ಟ್ರಿನ್ ಆಗೋದೂ ಇಲ್ಲ. ಯಾರಾದ್ರೂ ಅದಕ್ಕೊಂದು ಹೆಸರಿಡಬೇಕು, ಆಮೇಲೆ ಬರೋ ಯಾರಿಗಾದ್ರೂ ಅದರಿಂದ ಒಂದು ಉಪಯೋಗ ಆಗ್ಬೇಕು, ಆಗ ಆ ಮಾತಿಗೆ ಕೈಕಾಲು ಬರುತ್ತೆ. ನಾನು ಹೇಳೋಕೆ ಹೊರಟಿರೋದು ಇಷ್ಟೇ, ಡಾಕ್ಟ್ರಿನ್ ಅಂದ್ರೆ ಏನು ಅಂತ ತೀರ್ಮಾನ ಮಾಡೋದು ಅದನ್ನ ಹೇಳಿದ ಪ್ರೆಸಿಡೆಂಟ್ ಅಲ್ಲ, ಅವನಾದ್ಮೇಲೆ ಬಂದೋರು.

ಮನ್ರೋ ಇಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಇದರಷ್ಟು ಮಜಾ ಇರೋದು ಇನ್ನೊಂದಿಲ್ಲ. 1823ರ ಡಿಸೆಂಬರ್ 2. ಮೊದಲ್ನೇದು, ಇದು ಭಾಷಣವೇ ಅಲ್ಲ. ಜೆಫರ್ಸನ್ ಕಾಲದಿಂದ ಪ್ರೆಸಿಡೆಂಟ್‌ಗಳು ಕಾಂಗ್ರೆಸ್ಸಿಗೆ ವರ್ಷದ ವರದಿನ ಬರೆದು ಕಳಿಸ್ತಿದ್ರು, ಹೋಗಿ ಓದ್ತಿರ್ಲಿಲ್ಲ, ಆ ಪದ್ಧತಿ 1913ರಲ್ಲಿ ವಿಲ್ಸನ್ ಬಂದು ಮುರಿಯೋ ತನಕ ನಡೀತು. ಹಂಗೆ ಮನ್ರೋ ಕಳಿಸಿದ ಉದ್ದ ವರದಿಯಲ್ಲಿ ಅಂಚೆ ಇಲಾಖೆ ಲೆಕ್ಕ ಇದೆ, ಕಂಬರ್ಲೆಂಡ್ ರಸ್ತೆ ರಿಪೇರಿ ಇದೆ, ಕಡಲ್ಗಳ್ಳರ ಕಾಟ ಇದೆ, ಇದರ ಮಧ್ಯೆ ಶುರುವಲ್ಲಿ ಒಂದು ಪ್ಯಾರಾ, ಕೊನೆ ಹತ್ರ ಇನ್ನೊಂದೆರಡು ಪ್ಯಾರಾ, ಅಷ್ಟೇ ನಾವು ಇವತ್ತು ಮನ್ರೋ ಡಾಕ್ಟ್ರಿನ್ ಅಂತ ಕರೆಯೋದು. ಅಮೆರಿಕ ಖಂಡಗಳಲ್ಲಿ ಯೂರೋಪಿನೋರು ಇನ್ಮೇಲೆ ಹೊಸ ವಸಾಹತು ಮಾಡಂಗಿಲ್ಲ, ಸ್ವತಂತ್ರ ಆದ ದೇಶಗಳನ್ನ ಮತ್ತೆ ಹಿಡಿಯೋಕೆ ಬರಂಗಿಲ್ಲ, ನಾವೂ ಯೂರೋಪಿನ ಜಗಳಕ್ಕೆ ತಲೆ ಹಾಕಲ್ಲ. ಈ ಮೂರನೇ ಮಾತು ನೆನಪಿಟ್ಕೊಳ್ಳಿ.

ಬರೆದ ತಲೆಯೂ ಮುಖ್ಯವಾಗಿ ಮನ್ರೋದಲ್ಲ, ಅವನ ಸೆಕ್ರೆಟರಿ ಆಫ್ ಸ್ಟೇಟ್, ಅಂದ್ರೆ ವಿದೇಶಾಂಗ ಮಂತ್ರಿ, ಜಾನ್ ಕ್ವಿನ್ಸಿ ಆಡಮ್ಸ್‌ದು. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕ್ಯಾನಿಂಗ್ "ನಾವಿಬ್ರೂ ಸೇರಿ ಒಂದು ಜಂಟಿ ಹೇಳಿಕೆ ಕೊಡೋಣ" ಅಂತ ಕೇಳಿದ್ದ, ಮನ್ರೋಗೆ ಸಲಹೆ ಕೊಟ್ಟ ಹಿರಿಯರಾದ ಜೆಫರ್ಸನ್, ಮ್ಯಾಡಿಸನ್ ಇಬ್ರೂ ಹೂಂ ಅಂದಿದ್ರು, ಆಡಮ್ಸ್ ಮಾತ್ರ ಬೇಡ ಅಂದ. ಬ್ರಿಟಿಷ್ ಯುದ್ಧನೌಕೆಯ ಹಿಂದೆ ಪುಟ್ಟ ದೋಣಿ ಥರ ತೇಲ್ಕೊಂಡು ಹೋಗೋದಕ್ಕಿಂತ ನಮ್ಮ ಮಾತನ್ನ ನಾವೇ ನೇರವಾಗಿ ಹೇಳೋದು ಮರ್ಯಾದೆ ಅಂತ ಅವನ ವಾದ. ಮಾತು ಚೆನ್ನಾಗೇ ಇದೆ, ಆದ್ರೆ ಆಗ ಅಮೆರಿಕದ ನೌಕಾಪಡೆ ಎಷ್ಟಿತ್ತು? ಅಟ್ಲಾಂಟಿಕ್ ಕಾಯ್ತಿದ್ದಿದ್ದು ಬ್ರಿಟಿಷ್ ಹಡಗುಗಳೇ. ಕ್ಯಾನಿಂಗ್ ಆ ಅಕ್ಟೋಬರ್‌ನಲ್ಲೇ ಫ್ರಾನ್ಸಿನ ಕೈಲಿ "ನಾವು ಸ್ಪೇನಿನ ಹಳೇ ವಸಾಹತುಗಳ ಮೇಲೆ ದಂಡೆತ್ತಿ ಹೋಗಲ್ಲ" ಅಂತ ಬರೆಸ್ಕೊಂಡಿದ್ದ, ಅಂದ್ರೆ ಅಮೆರಿಕ ಎಚ್ಚರಿಕೆ ಕೊಡೋ ಹೊತ್ತಿಗೆ ಹೆದರಿಕೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಂಗೆ.

1833ರಲ್ಲಿ ಬ್ರಿಟನ್ ಫಾಕ್‌ಲೆಂಡ್ ದ್ವೀಪಗಳನ್ನ ಹಿಡ್ಕೊಂಡಾಗ ಅಮೆರಿಕ ಕಮಕ್ ಕಿಮಕ್ ಅನ್ಲಿಲ್ಲ. 1860ರ ದಶಕದಲ್ಲಿ ಫ್ರಾನ್ಸ್ ಮೆಕ್ಸಿಕೋಗೆ ಸೈನ್ಯ ಕಳಿಸಿ ಮ್ಯಾಕ್ಸಿಮಿಲಿಯನ್ ಅನ್ನೋ ಆಸ್ಟ್ರಿಯಾದ ರಾಜಕುಮಾರನನ್ನ ತಂದು ಚಕ್ರವರ್ತಿ ಅಂತ ಕೂರಿಸ್ತು, ಅಮೆರಿಕ ಆಗ ತನ್ನದೇ ಸಿವಿಲ್ ವಾರ್‌ನಲ್ಲಿ ಮುಳುಗಿತ್ತು, ಅದು ಮುಗಿಯೋ ತನಕ ಜೋರಾಗಿ ಬಾಯಿ ಬಿಡೋ ಸ್ಥಿತಿನೇ ಇರ್ಲಿಲ್ಲ. ಈ ಮಧ್ಯೆ 1845ರಲ್ಲಿ ಪೋಕ್ ಅನ್ನೋ ಪ್ರೆಸಿಡೆಂಟ್ ಮನ್ರೋ ಮಾತನ್ನ ಧೂಳು ಕೊಡವಿ ಮತ್ತೆ ಎತ್ತಿದ್ದ, ತಾನು ಪಶ್ಚಿಮಕ್ಕೆ ಹರಡ್ಕೋಬೇಕಿತ್ತಲ್ಲ ಅದಕ್ಕೆ. "ಮನ್ರೋ ಡಾಕ್ಟ್ರಿನ್" ಅನ್ನೋ ಹೆಸರು ಜನರ ಬಾಯಲ್ಲಿ ಕೂತಿದ್ದು 1850ರ ದಶಕದಲ್ಲಿ, ಪಾಪ ಮನ್ರೋ 1831ರಲ್ಲೇ ಸತ್ತಿದ್ದ, ತನ್ನ ಹೆಸರಲ್ಲಿ ಹಿಂಗೊಂದಿದೆ ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ.

ಆಮೇಲೆ ಬಂದ ನೋಡಿ ಥಿಯೋಡರ್ ರೂಸ್‌ವೆಲ್ಟ್. 1902ರಲ್ಲಿ ವೆನೆಜುವೆಲಾ ಸಾಲ ತೀರಿಸ್ಲಿಲ್ಲ ಅಂತ ಬ್ರಿಟನ್, ಜರ್ಮನಿ, ಇಟಲಿ ಮೂರೂ ಸೇರಿ ಅದರ ಬಂದರುಗಳಿಗೆ ನೌಕಾ ದಿಗ್ಬಂಧನ ಹಾಕಿದ್ವು. ಡೊಮಿನಿಕನ್ ರಿಪಬ್ಲಿಕ್‌ಗೂ ಅದೇ ಥರ ಸಾಲ ಇತ್ತು. ಇವನು ಯೋಚ್ನೆ ಮಾಡಿದ, ಸಾಲ ವಸೂಲಿ ನೆಪದಲ್ಲಿ ಯೂರೋಪಿನೋರು ಬಂದು ಕೂರೋದಕ್ಕಿಂತ ನಾವೇ ಹೋಗಿ ವಸೂಲಿ ಮಾಡಿಕೊಡೋಣ. 1904ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿಗೆ ಕೊಟ್ಟ ಸಂದೇಶದಲ್ಲಿ, ಈ ಭಾಗದ ದೇಶಗಳು ಪದೇ ಪದೇ ತಪ್ಪು ಮಾಡಿದ್ರೆ ಇಷ್ಟ ಇಲ್ದಿದ್ರೂ ಅಮೆರಿಕ ಅಂತಾರಾಷ್ಟ್ರೀಯ ಪೊಲೀಸ್ ಕೆಲಸ ಮಾಡಬೇಕಾಗ್ಬಹುದು ಅಂತ ಹೇಳಿಬಿಟ್ಟ. ಇದಕ್ಕೆ ರೂಸ್‌ವೆಲ್ಟ್ ಕೊರೊಲರಿ ಅಂತ ಹೆಸರು, ಅಂದ್ರೆ ಮೂಲ ಮಾತಿಗೆ ಒಂದು ಉಪವಾಕ್ಯ ಅಂಟಿಸಿದಂಗೆ. ಎಂಥ ಉಪವಾಕ್ಯ ಅಂದ್ರೆ ಮೂಲದ ಅರ್ಥವನ್ನೇ ಉಲ್ಟಾ ಮಾಡಿದ್ದು. ಮನ್ರೋ ಹೇಳಿದ್ದು "ನೀವು ಒಳಗೆ ಬರಬೇಡಿ", ರೂಸ್‌ವೆಲ್ಟ್ ಅದನ್ನ ಓದಿದ್ದು "ನಾವು ಒಳಗೆ ಹೋಗ್ಬಹುದು". 1905ರಿಂದ ಡೊಮಿನಿಕನ್ ರಿಪಬ್ಲಿಕ್‌ನ ಕಸ್ಟಮ್ಸ್ ವಸೂಲಿ ಅಮೆರಿಕನ್ನರ ಕೈಗೆ ಹೋಯ್ತು, ಹೈಟಿಯಲ್ಲಿ ಅಮೆರಿಕದ ಮರೀನ್‌ಗಳು 1915ರಿಂದ 1934ರ ತನಕ ಕೂತ್ರು, 19 ವರ್ಷ ರೀ!

ಇನ್ನೊಂದು ಸಣ್ಣ ವಿಷಯ, ಹೇಳ್ದೇ ಇರೋಕಾಗ್ತಿಲ್ಲ. ಮೊದಲ ಮಹಾಯುದ್ಧ ಆದ್ಮೇಲೆ ದೇಶಗಳು ಸೇರಿ ಕಟ್ಟಿದ ಲೀಗ್ ಆಫ್ ನೇಷನ್ಸ್‌ನ ಒಡಂಬಡಿಕೆಯ 21ನೇ ವಿಧಿಯಲ್ಲಿ ಮನ್ರೋ ಡಾಕ್ಟ್ರಿನ್ ಹೆಸರು ಹಾಕಿದಾರೆ, ಇದಕ್ಕೇನೂ ಧಕ್ಕೆ ಬರಲ್ಲ ಅಂತ. ಸೆನೆಟ್‌ನವರನ್ನ ಸಮಾಧಾನ ಮಾಡೋಕೆ ವಿಲ್ಸನ್ ಸೇರಿಸಿಸಿದ್ದು. ಸೆನೆಟ್ ಆದ್ರೂ ಒಪ್ಪಲಿಲ್ಲ, ಅಮೆರಿಕ ಲೀಗ್‌ಗೆ ಸೇರಲೇ ಇಲ್ಲ. 1928ರಲ್ಲಿ ಅಮೆರಿಕದ್ದೇ ವಿದೇಶಾಂಗ ಇಲಾಖೆ, ಸ್ಟೇಟ್ ಡಿಪಾರ್ಟ್‌ಮೆಂಟ್‌ನ ಕ್ಲಾರ್ಕ್ ಅನ್ನೋ ಅಧಿಕಾರಿ 200ಕ್ಕೂ ಹೆಚ್ಚು ಪುಟದ ಒಂದು ಮೆಮೊರಾಂಡಮ್ ಬರೆದು, ರೂಸ್‌ವೆಲ್ಟ್ ಹೇಳಿದ್ದಕ್ಕೂ ಮನ್ರೋ ಹೇಳಿದ್ದಕ್ಕೂ ಸಂಬಂಧ ಇಲ್ಲ ಅಂತ ವಾದ ಮಾಡಿದ. ಅದು ಅಚ್ಚಾಗಿ ಹೊರಗೆ ಬಂದಿದ್ದು 1930ರಲ್ಲಿ. ರೂಸ್‌ವೆಲ್ಟ್ ಹೇಳಿ ಕಾಲು ಶತಮಾನ ಆದ್ಮೇಲೆ!

ಈಗ ಟ್ರೂಮನ್. 1947ರ ಫೆಬ್ರವರಿಯಲ್ಲಿ ಬ್ರಿಟನ್ ಬಂದು "ನಮ್ಮ ಹತ್ರ ದುಡ್ಡಿಲ್ಲ, ಗ್ರೀಸ್ ಮತ್ತೆ ಟರ್ಕಿನ ಇನ್ನು ನಾವು ನೋಡ್ಕೊಳ್ಳೋಕಾಗಲ್ಲ" ಅಂತು. ಟ್ರೂಮನ್‌ಗೆ ಬೇಕಾಗಿದ್ದು 400 ಮಿಲಿಯನ್ ಡಾಲರ್, ಅದರಲ್ಲಿ 300 ಗ್ರೀಸ್‌ಗೆ 100 ಟರ್ಕಿಗೆ. ಕಾಂಗ್ರೆಸ್ ರಿಪಬ್ಲಿಕನ್ನರ ಕೈಲಿತ್ತು, ಖರ್ಚು ಕಡಿಮೆ ಮಾಡ್ತೀವಿ ಅಂತ ಗೆದ್ದು ಬಂದೋರು ಅವರು. ವೈಟ್ ಹೌಸ್‌ನಲ್ಲಿ ಮುಖಂಡರನ್ನ ಕರೆಸಿ ಮಾತಾಡಿದಾಗ ಸೆಕ್ರೆಟರಿ ಆಫ್ ಸ್ಟೇಟ್ ಮಾರ್ಷಲ್ ಸಪ್ಪೆಯಾಗಿ ವಿವರ ಹೇಳಿದ, ಯಾರಿಗೂ ನಾಟಲಿಲ್ಲ, ಆಗ ಅವನ ಕೈಕೆಳಗಿನ ಆಚೆಸನ್ ಎದ್ದು ಬುಟ್ಟಿಯಲ್ಲಿ ಒಂದು ಸೇಬು ಕೊಳೆತ್ರೆ ಪಕ್ಕದ್ದೆಲ್ಲ ಕೊಳೆಯುತ್ತೆ, ಗ್ರೀಸ್ ಹೋದ್ರೆ ಇರಾನ್ ಹೋಗುತ್ತೆ, ಆಫ್ರಿಕಾ ಹೋಗುತ್ತೆ, ಇಟಲಿ ಫ್ರಾನ್ಸ್ ಹೋಗುತ್ತೆ ಅಂತ ಹೆದರಿಸಿದ, ಎಲ್ಲರೂ ಗಪ್‌ಚಿಪ್. ದುಡ್ಡು ಬೇಕಿದ್ರೆ ಜನರನ್ನ ಚೆನ್ನಾಗಿ ಹೆದರಿಸಿ ಅಂತ ಸೆನೆಟರ್ ವ್ಯಾಂಡನ್‌ಬರ್ಗ್ ಹೇಳಿದ ಅಂತ ಒಂದು ಕಥೆ ಓಡಾಡ್ತಾ ಇದೆ, ಹೇಳಿದ್ನೋ ಬಿಟ್ನೋ, ಮಾರ್ಚ್ 12ರ ಭಾಷಣ ಮಾತ್ರ ಹಂಗೇ ಇತ್ತು. ಎರಡು ದೇಶಕ್ಕೆ ಸಹಾಯ ಕೇಳೋಕೆ ಹೋದೋನು, ಹೊರಗಿನ ಒತ್ತಡ ಅಥವಾ ಶಸ್ತ್ರ ಹಿಡಿದ ಅಲ್ಪಸಂಖ್ಯಾತರನ್ನ ಎದುರಿಸ್ತಿರೋ ಎಲ್ಲಾ ಸ್ವತಂತ್ರ ಜನರಿಗೂ ಬೆಂಬಲ ಕೊಡೋದು ಅಮೆರಿಕದ ನೀತಿ ಆಗ್ಬೇಕು ಅಂದುಬಿಟ್ಟ. ಸೋವಿಯತ್ ಯೂನಿಯನ್ ಹೆಸರು ಎತ್ತಲೇ ಇಲ್ಲ, ಎತ್ತೋ ಅಗತ್ಯನೂ ಇರ್ಲಿಲ್ಲ.

ಮನ್ರೋ ಹೇಳಿದ ಮೂರನೇ ಮಾತು ನೆನಪಿದೆಯಲ್ಲ, ಯೂರೋಪಿನ ಜಗಳಕ್ಕೆ ನಾವು ತಲೆ ಹಾಕಲ್ಲ ಅನ್ನೋದು. ಎರಡು ಮಹಾಯುದ್ಧದಲ್ಲಿ ಅದು ಮೊದಲೇ ಮುಕ್ಕಾಗಿತ್ತು, ಶಾಂತಿಕಾಲದಲ್ಲೂ ಇನ್ನು ಇಲ್ಲ ಅಂತ ಅಂದಾಯ್ತು. "ನೀವು ಇಲ್ಲಿಗೆ ಬರಬೇಡಿ" ಅನ್ನೋ ಅರ್ಧ ಮಾತ್ರ ಹಂಗೇ ಉಳೀತು. ಅನುಕೂಲ ಇರೋದನ್ನ ಇಟ್ಕೊಂಡು ಇಲ್ಲದ್ದನ್ನ ಬಿಡೋದು ಯಾವ ದೇಶ ಮಾಡಲ್ಲ ಹೇಳಿ.

"ಎಲ್ಲಾ ಸ್ವತಂತ್ರ ಜನರು" ಅನ್ನೋದು ತೀರಾ ಅಗಲ ಆಯ್ತು ಅಂತ ಆಗ್ಲೇ ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ಆಕ್ಷೇಪ ಎತ್ತಿದ್ದ, ಸೋವಿಯತ್ ಹಬ್ಬೋದನ್ನ ತಡೀಬೇಕು ಅನ್ನೋ ಕಂಟೈನ್‌ಮೆಂಟ್ ವಾದವನ್ನ ಬರೆದೋನೇ ಅವನು! ಒಂದು ಕಡೆ ಕೊಟ್ಟ ಮಾತನ್ನ ಎಲ್ಲಾ ಕಡೆ ಕೊಟ್ಟಂಗೆ ಮಾಡ್ಬೇಡಿ ಅಂತ ಅವನ ಚಿಂತೆ. ಇನ್ನೊಂದು ತಮಾಷೆ, ಗ್ರೀಸ್‌ನ ಕಮ್ಯುನಿಸ್ಟರಿಗೆ ದೊಡ್ಡ ಆಸರೆ ಆಗಿದ್ದು ಸ್ಟಾಲಿನ್ ಅಲ್ಲ, ಪಕ್ಕದ ಯುಗೋಸ್ಲಾವಿಯಾದ ಟಿಟೋ. 1948ರಲ್ಲಿ ಟಿಟೋಗೂ ಸ್ಟಾಲಿನ್‌ಗೂ ಜಗಳ ಆಯ್ತು, 1949ರಲ್ಲಿ ಟಿಟೋ ಗಡಿ ಮುಚ್ಚಿದ, ಅದೇ ವರ್ಷ ಗ್ರೀಸ್‌ನ ಅಂತರ್ಯುದ್ಧ ಮುಗೀತು. ಅಮೆರಿಕದ ದುಡ್ಡೂ ಆಯುಧವೂ ಕೆಲಸ ಮಾಡಿದ್ದು ನಿಜ, ಆದ್ರೆ ಗೆದ್ದ ಪೂರ್ತಿ ಕ್ರೆಡಿಟ್ಟು ಡಾಕ್ಟ್ರಿನ್ ಖಾತೆಗೆ ಹೋಯ್ತು, ಹಂಗಾಗಿ ಕೊರಿಯಾ, ವಿಯೆಟ್ನಾಂ ಅಂತ ಅದೇ ಮಾತನ್ನ ಹೊತ್ಕೊಂಡು ಹೋಗೋಕೆ ಧೈರ್ಯ ಬಂತು.

ಐಸೆನ್‌ಹೋವರ್‌ದು ಬೇಗ ಹೇಳಿ ಮುಗಿಸ್ತೀನಿ. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆ ಗಲಾಟೆಯಲ್ಲಿ ಬ್ರಿಟನ್ ಫ್ರಾನ್ಸ್ ಮಾನ ಹೋಯ್ತು, ಮಧ್ಯಪ್ರಾಚ್ಯದಲ್ಲಿ ಜಾಗ ಖಾಲಿ ಆಯ್ತು, 1957ರ ಜನವರಿಯಲ್ಲಿ ಇವನು ಬಂದು ಕಮ್ಯುನಿಸ್ಟ್ ದಾಳಿ ಆದ್ರೆ ಕೇಳಿದ ದೇಶಕ್ಕೆ ಸೈನ್ಯ ಕಳಿಸ್ತೀವಿ ಅಂದ. ಇವನ ಬಗ್ಗೆ ಒಂದು ಒಳ್ಳೆ ಮಾತು ಏನಂದ್ರೆ ಕಾಂಗ್ರೆಸ್ಸಿಗೆ ಹೋಗಿ ಠರಾವು ಪಾಸ್ ಮಾಡಿಸ್ಕೊಂಡ. 1958ರಲ್ಲಿ ಲೆಬನಾನ್‌ಗೆ ಸುಮಾರು 14,000 ಜನ ಸೈನಿಕರು ಇಳಿದ್ರು, ಅಲ್ಲಿದ್ದ ಜಗಳ ಹೆಚ್ಚಾಗಿ ಮನೆಯೊಳಗಿಂದೇ, ಕಮ್ಯುನಿಸ್ಟ್ ದಾಳಿ ಅನ್ನೋಕೆ ಅಲ್ಲಿ ಹೆಚ್ಚೇನೂ ಇರ್ಲಿಲ್ಲ.

ನಿಕ್ಸನ್‌ದು ನನಗೆ ತುಂಬಾ ಇಷ್ಟ, ಹುಟ್ಟಿದ ರೀತಿಗೆ. 1969ರ ಜುಲೈ 24ಕ್ಕೆ ಚಂದ್ರನಿಂದ ವಾಪಸ್ ಬಂದ ಅಪೊಲೊ 11 ಪೆಸಿಫಿಕ್ ಸಮುದ್ರಕ್ಕೆ ಬಿತ್ತು, ನಿಕ್ಸನ್ ಹಾರ್ನೆಟ್ ಹಡಗಲ್ಲಿ ನಿಂತು ಗಗನಯಾತ್ರಿಗಳನ್ನ ಮಾತಾಡಿಸಿದ, ಅಲ್ಲಿಂದ ಗುವಾಮ್ ದ್ವೀಪಕ್ಕೆ ಹೋದ. ಮರುದಿನ ಸಂಜೆ ಅಲ್ಲಿನ ಆಫೀಸರ್ಸ್ ಕ್ಲಬ್‌ನಲ್ಲಿ ಪತ್ರಕರ್ತರ ಜೊತೆ ಹರಟ್ತಾ, ಏಷ್ಯಾದ ದೇಶಗಳು ತಮ್ಮ ರಕ್ಷಣೆ ತಾವು ನೋಡ್ಕೋಬೇಕು, ನಮಗೆ ಇನ್ನೊಂದು ವಿಯೆಟ್ನಾಂ ಬೇಡ ಅನ್ನೋ ಅರ್ಥದ ಮಾತಾಡಿದ. ನೇರವಾಗಿ ಉದ್ಧರಿಸಂಗಿಲ್ಲ ಅನ್ನೋ ಷರತ್ತಿನ ಮಾತುಕತೆ ಅದು. ಪತ್ರಿಕೆಯೋರು ಇದಕ್ಕೆ ಗುವಾಮ್ ಡಾಕ್ಟ್ರಿನ್ ಅಂತ ಹೆಸರಿಟ್ರು. ನಿಕ್ಸನ್‌ಗೆ ಅದು ಸರಿ ಹೋಗ್ಲಿಲ್ಲ, ಊರಿನ ಹೆಸರು ಯಾಕೆ, ಹೇಳಿದೋನ ಹೆಸರಿರ್ಬೇಕು ಅಂತ. ಇವನ ಕಡೆಯೋರು ಕಷ್ಟಪಟ್ಟು ನಿಕ್ಸನ್ ಡಾಕ್ಟ್ರಿನ್ ಅಂತ ಮಾಡಿದ್ರು, ನವೆಂಬರ್ 3ರ ಟಿವಿ ಭಾಷಣದಲ್ಲಿ ಮೂರು ಪಾಯಿಂಟ್ ಮಾಡಿ ನೀಟಾಗಿ ಹೇಳಿಯೂ ಆಯ್ತು. ಒಪ್ಪಂದಗಳನ್ನ ಪಾಲಿಸ್ತೀವಿ, ಅಣ್ವಸ್ತ್ರ ಇರೋ ದೇಶ ಬೆದರಿಸಿದ್ರೆ ಅಡ್ಡ ನಿಲ್ತೀವಿ, ಬೇರೆ ಥರದ ದಾಳಿ ಆದ್ರೆ ಆಯುಧ ಕೊಡ್ತೀವಿ ದುಡ್ಡು ಕೊಡ್ತೀವಿ, ಆಳುಗಳು ಮಾತ್ರ ನಿಮ್ಮವ್ರೇ.

ಮಾತು ಹುಟ್ಟಿದ್ದು ಏಷ್ಯಾದ ಆ ತುದಿಗೆ, ಬಲವಾಗಿ ಬೇರು ಬಿಟ್ಟಿದ್ದು ಈ ತುದಿಯ ಇರಾನ್‌ನಲ್ಲಿ. ಪರ್ಷಿಯನ್ ಕೊಲ್ಲಿ ಕಾಯೋಕೆ ನಮ್ಮ ಸೈನ್ಯ ಯಾಕೆ, ಇರಾನಿನ ಶಾ ಇದಾನೆ, ಸೌದಿ ಇದೆ, ಅವರಿಗೆ ಆಯುಧ ಮಾರಿದ್ರಾಯ್ತು ಅನ್ನೋ ಲೆಕ್ಕ. 1972ರ ಮೇ ತಿಂಗಳಲ್ಲಿ ನಿಕ್ಸನ್ ಮತ್ತೆ ಅವನ ಭದ್ರತಾ ಸಲಹೆಗಾರ ಕಿಸಿಂಜರ್ ಇರಾನಿನ ರಾಜಧಾನಿ ಟೆಹರಾನ್‌ಗೆ ಹೋಗಿ, ಅಣ್ವಸ್ತ್ರ ಒಂದು ಬಿಟ್ಟು ಏನು ಕೇಳಿದ್ರೂ ಕೊಡೋಣ ಅನ್ನೋ ಹಂಗೆ ಮಾತು ಕೊಟ್ಟು ಬಂದ್ರು. ಎಫ್-14 ವಿಮಾನಗಳು 80 ಆರ್ಡರ್ ಆಗಿ 79 ಹೋಗಿ ಮುಟ್ಟಿದ್ವು. 1979ರಲ್ಲಿ ಶಾ ಓಡಿಹೋದ, ಅವನ ವಿರೋಧಿ ಧರ್ಮಗುರು ಖೊಮೇನಿ ಬಂದ, ವಿಮಾನಗಳು ಅಲ್ಲೇ ಉಳಿದ್ವು.

ಕಾರ್ಟರ್ ಬಂದಿದ್ದು ಈ ಅವಾಂತರದ ಮಧ್ಯಕ್ಕೆ. 1977ರ ಕೊನೇ ರಾತ್ರಿ ಟೆಹರಾನಿನ ಔತಣದಲ್ಲಿ ಗ್ಲಾಸ್ ಎತ್ತಿ, ಇರಾನ್ ಅಂದ್ರೆ ಸ್ಥಿರತೆಯ ದ್ವೀಪ ಅಂತ ಶಾನ ಹೊಗಳಿದ್ದ ಮನುಷ್ಯ. ಎರಡು ವರ್ಷ ಕಳೆಯೋದ್ರೊಳಗೆ ಶಾ ಇಲ್ಲ, ಟೆಹರಾನ್‌ನ ಅಮೆರಿಕನ್ ಎಂಬಸಿಯೋರು ಒತ್ತೆಯಾಳು, 1979ರ ಡಿಸೆಂಬರ್ ಕೊನೇಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನದೊಳಗೆ. 1980ರ ಜನವರಿ 23ಕ್ಕೆ ಸ್ಟೇಟ್ ಆಫ್ ದಿ ಯೂನಿಯನ್ ಭಾಷಣದಲ್ಲಿ ಹೇಳಿದ್ದು, ಪರ್ಷಿಯನ್ ಕೊಲ್ಲಿ ಪ್ರದೇಶದ ಹಿಡಿತಕ್ಕೆ ಯಾವುದೇ ಹೊರಗಿನ ಶಕ್ತಿ ಕೈ ಹಾಕಿದ್ರೆ ಅದು ಅಮೆರಿಕದ ಜೀವಾಳದ ಮೇಲೆ ಮಾಡಿದ ದಾಳಿ, ಸೈನ್ಯ ಬಳಸಿಯಾದ್ರೂ ಹಿಮ್ಮೆಟ್ಟಿಸ್ತೀವಿ. ಇದರ ಹಿಂದಿದ್ದ ಸಲಹೆಗಾರ ಬ್ರೆಜಿನ್ಸ್ಕಿ, ಟ್ರೂಮನ್ ಮಾತನ್ನೇ ಮಾದರಿ ಇಟ್ಕೊಂಡಿದ್ದ. ಅಂದ್ರೆ "ನೀವೇ ಕಾದ್ಕೊಳ್ಳಿ" ಅಂದ ನಿಕ್ಸನ್ ಮಾತು ಹತ್ತೇ ವರ್ಷಕ್ಕೆ "ನಾವೇ ಕಾಯ್ತೀವಿ" ಅಂತ ತಿರುಗಿತು.

ತಮಾಷೆ ಅಂದ್ರೆ, ಹೇಳುವಾಗ ಅಲ್ಲಿ ಕಾಯೋಕೆ ಹೆಚ್ಚು ಸೈನ್ಯ ಇರಲೇ ಇಲ್ಲ. ಮನ್ರೋ ಕಥೆನೇ ಮತ್ತೆ. ವ್ಯತ್ಯಾಸ ಏನಂದ್ರೆ ಇಲ್ಲಿ ಮಾತು ಮೊದಲು ಬಂತು, ಸೈನ್ಯ ಹಿಂದೆ ಬಂತು. 1980ರಲ್ಲೇ ತುರ್ತು ನಿಯೋಜನೆಗೆ ಅಂತ ಒಂದು ಪಡೆ ಶುರು ಮಾಡಿದ್ರು, ಅದು 1983ರಲ್ಲಿ ಸೆಂಟ್ರಲ್ ಕಮಾಂಡ್ ಆಯ್ತು, ಅದರ ಹೆಡ್‌ಕ್ವಾರ್ಟರ್ಸ್ ಫ್ಲಾರಿಡಾದ ಟಾಂಪಾದಲ್ಲಿ. ಮುಂದೆ ಇರಾಕ್, ಅಫ್ಘಾನಿಸ್ತಾನ ಎರಡೂ ಯುದ್ಧ ನಡೆಸಿದ್ದು ಇದೇ ಕಮಾಂಡ್. ಇನ್ನು "ಹೊರಗಿನ ಶಕ್ತಿ" ಅಂತ ಕಾರ್ಟರ್ ಅಂದಿದ್ದು ಸೋವಿಯತ್‌ನ ಕುರಿತು, ಅದು ಎಲ್ಲರಿಗೂ ಗೊತ್ತು. 1981ರಲ್ಲಿ ರೇಗನ್ ಬಂದು ಸೌದಿನ ಇನ್ನೊಂದು ಇರಾನ್ ಆಗೋಕೆ ಬಿಡಲ್ಲ ಅಂದ, ಅಂದ್ರೆ ಒಳಗಿನ ಶಕ್ತಿಯೂ ಸೇರ್ಕೊಂತು. 1987ರಲ್ಲಿ ಕುವೈತ್‌ನ 11 ಟ್ಯಾಂಕರ್‌ಗಳಿಗೆ ಅಮೆರಿಕದ ಬಾವುಟ ಹಾಕಿ ನೌಕಾಪಡೆ ಬೆಂಗಾವಲು ಕೊಡ್ತು, ಆಗ ಎದುರಿಗಿದ್ದಿದ್ದು ಇರಾನ್. 1990ರಲ್ಲಿ ಕುವೈತ್ ನುಂಗಿದ್ದು ಇರಾಕ್, ಅದೂ ಕೊಲ್ಲಿಯದ್ದೇ ದೇಶ. ಸೋವಿಯತ್ ಯೂನಿಯನ್ ಮುಳುಗಿಹೋದ್ರೂ ಅದಕ್ಕಂತಲೇ ಹೇಳಿದ ಮಾತು ಮುಳುಗಲಿಲ್ಲ.

ಹೆಸರಿಡೋರ ಬಗ್ಗೆ ಹೇಳ್ಬೇಕಲ್ಲ. ರೇಗನ್ ಡಾಕ್ಟ್ರಿನ್ ಅನ್ನೋ ಹೆಸರನ್ನ ರೇಗನ್ ಇಟ್ಟಿದ್ದಲ್ಲ. 1985ರ ಫೆಬ್ರವರಿ ಭಾಷಣದಲ್ಲಿ ಅವನು ಅಫ್ಘಾನಿಸ್ತಾನದಿಂದ ನಿಕರಾಗುವಾ ತನಕ ಸೋವಿಯತ್ ವಿರುದ್ಧ ಹೋರಾಡ್ತಿರೋರ ಕೈ ಬಿಡಬಾರ್ದು ಅಂದ, ಏಪ್ರಿಲ್‌ನಲ್ಲಿ ಚಾರ್ಲ್ಸ್ ಕ್ರೌಟ್‌ಹ್ಯಾಮರ್ ಅನ್ನೋ ಅಂಕಣಕಾರ ಟೈಮ್ ಮ್ಯಾಗಝೀನಲ್ಲಿ ಅದಕ್ಕೆ ಡಾಕ್ಟ್ರಿನ್ ಅಂತ ನಾಮಕರಣ ಮಾಡಿದ. ಓದಿದ್ದು ಮನೋವೈದ್ಯಶಾಸ್ತ್ರ, ಮಾಡಿದ್ದು ಪ್ರೆಸಿಡೆಂಟ್‌ಗಳಿಗೆ ಹೆಸರಿಡೋ ಕೆಲಸ! 2001ರಲ್ಲಿ ಬುಷ್ ಡಾಕ್ಟ್ರಿನ್ ಅಂತ ಮೊದಲು ಬರೆದಿದ್ದೂ ನಾನೇ ಅಂತ ಅವನೇ ಹೇಳ್ಕೊಂಡಿದಾನೆ, ಸೆಪ್ಟೆಂಬರ್ 11ಕ್ಕೂ ಮೊದಲು, ಆಗ ಅದರ ಅರ್ಥ ಅಮೆರಿಕ ಯಾರನ್ನೂ ಕೇಳ್ದೆ ತನ್ನ ದಾರಿ ತಾನು ನೋಡ್ಕೊಳ್ಳೋದು ಅಂತ. ಆಮೇಲೆ ಉಗ್ರರಿಗೆ ಆಶ್ರಯ ಕೊಟ್ಟೋರೂ ಉಗ್ರರೇ ಅಂತಾಯ್ತು, 2002ರ ಜೂನ್ 1ಕ್ಕೆ ವೆಸ್ಟ್ ಪಾಯಿಂಟ್ ಭಾಷಣದ ನಂತರ ಅಪಾಯ ಬರೋದಕ್ಕೂ ಮುಂಚೆ ಹೋಗಿ ಹೊಡೆಯೋದು ಅಂತಾಯ್ತು, ಇರಾಕ್‌ನಲ್ಲಿ ಇವೆ ಅಂದಿದ್ದ ಸಮೂಹನಾಶಕ ಆಯುಧಗಳೇ ಸಿಗದೇ ಹೋದ್ಮೇಲೆ ಪ್ರಜಾಪ್ರಭುತ್ವ ಹರಡೋದು ಅಂತ. 2008ರಲ್ಲಿ ವೈಸ್ ಪ್ರೆಸಿಡೆಂಟ್ ಅಭ್ಯರ್ಥಿ ಸಾರಾ ಪೇಲಿನ್‌ನ ಟಿವಿ ಸಂದರ್ಶನದಲ್ಲಿ ಬುಷ್ ಡಾಕ್ಟ್ರಿನ್ ಒಪ್ತೀರಾ ಅಂತ ಕೇಳಿದಾಗ ಅವಳು "ಯಾವ ವಿಷಯದಲ್ಲಿ?" ಅಂತ ತಿರುಗಿ ಕೇಳಿ ಎಲ್ಲರ ಕೈಲಿ ನಗೆಪಾಟಲಾದಳು. ಅವಳಿಗೆ ಗೊತ್ತಿರ್ಲಿಲ್ಲ ಅನ್ನೋದು ಬೇರೆ ಮಾತು, ಆದ್ರೆ ಪ್ರಶ್ನೆ ಸರಿಯಾಗೇ ಇತ್ತು ಅಂತ ನನಗನ್ಸುತ್ತೆ, ಆ ಹೆಸರಿಗೆ ನಾಲ್ಕು ಅರ್ಥ ಇದೆ ಅಂತ ಆ ವಾರ ಕ್ರೌಟ್‌ಹ್ಯಾಮರೇ ಬರೆದ.

ಇನ್ನೊಂದು ಗಮನಿಸಿದೀರಾ, ಲಿಂಕನ್ ಡಾಕ್ಟ್ರಿನ್ ಅಂತ ಯಾರೂ ಹೇಳಲ್ಲ. ಎರಡನೇ ಮಹಾಯುದ್ಧ ನಡೆಸಿದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆಸರಲ್ಲೂ ಇಂಥದ್ದೊಂದು ನಿಂತಿಲ್ಲ. ಕೋಲ್ಡ್ ವಾರ್ ಮುಗಿಯುವಾಗ ಕುರ್ಚಿಯಲ್ಲಿದ್ದ ಸೀನಿಯರ್ ಬುಷ್‌ಗೂ ಇಲ್ಲ. ಕೆಲಸ ಮಾಡೋಕೆ ಡಾಕ್ಟ್ರಿನ್ ಬೇಕೇ ಬೇಕು ಅಂತೇನಿಲ್ಲ ಅನ್ನೋದಕ್ಕೆ ಇವರೇ ಸಾಕು.

ಮತ್ತೆ ಮನ್ರೋ ಹತ್ರ ಬರ್ತೀನಿ, ಯಾಕಂದ್ರೆ ಅವನು ಸಾಯ್ತಾನೇ ಇಲ್ಲ. 1960ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಮನ್ರೋ ಡಾಕ್ಟ್ರಿನ್ ಕಾಲ ಮುಗೀತು, ಅದು ತಾನಾಗೇ ಸತ್ತಿದೆ ಅಂದ. 2013ರ ನವೆಂಬರ್‌ನಲ್ಲಿ ಅಮೆರಿಕದ್ದೇ ಸೆಕ್ರೆಟರಿ ಆಫ್ ಸ್ಟೇಟ್ ಜಾನ್ ಕೆರ್ರಿ ಆ ಯುಗ ಮುಗೀತು ಅಂತ ಸಾರಿದ. 2019ರಲ್ಲಿ ಟ್ರಂಪ್‌ನ ಸಲಹೆಗಾರ ಬೋಲ್ಟನ್ ಇಲ್ಲ ಇಲ್ಲ, ಚೆನ್ನಾಗೇ ಬದುಕಿದೆ ಅಂದ. 2025ರ ಕೊನೆಗೆ ಬಂದ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರದಲ್ಲಿ ಟ್ರಂಪ್ ಕೊರೊಲರಿ ಅಂತಲೇ ಬರೆದಿದಾರೆ, ಮನ್ರೋ ಮಾತಿಗೆ ಇನ್ನೊಂದು ಉಪವಾಕ್ಯ. ಈ ಸಲ ಪತ್ರಕರ್ತರಿಗೆ ಕಾಯೋ ತಾಪತ್ರಯನೂ ಇಲ್ಲ, ಹೆಸರನ್ನ ಟ್ರಂಪ್ ಕಡೆಯೋರೇ ಇಟ್ಕೊಂಡಿದಾರೆ.

ಕಾರ್ಟರ್ ಬಗ್ಗೆ ಒಂದು ತಾರೀಕು ಹೇಳಿ ನಿಲ್ಲಿಸ್ತೀನಿ, ಇದು ಸಿಕ್ಕಿದ್ದು ಬೇರೇನೋ ಹುಡುಕ್ತಿರುವಾಗ. 2002ರ ಅಕ್ಟೋಬರ್ 11, ವಾಷಿಂಗ್ಟನ್‌ನಲ್ಲಿ ಮಧ್ಯರಾತ್ರಿ ಕಳೆದಿತ್ತು, ಇರಾಕ್ ಮೇಲೆ ಸೈನ್ಯ ಬಳಸೋಕೆ ಬುಷ್‌ಗೆ ಅಧಿಕಾರ ಕೊಡೋ ಠರಾವನ್ನ ಸೆನೆಟ್ ಪಾಸ್ ಮಾಡ್ತು. ಆ ಯುದ್ಧ ನಡೆಸಿದ್ದು ಟಾಂಪಾದ ಸೆಂಟ್ರಲ್ ಕಮಾಂಡ್, ಕಾರ್ಟರ್ ಮಾತಿನ ಹಿಂದೆಯೇ ಹುಟ್ಟಿದ್ದು. ಕೆಲವೇ ಗಂಟೆ ಆದ್ಮೇಲೆ, ಅದೇ ದಿನ, ಓಸ್ಲೋದಲ್ಲಿ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಪ್ರಕಟ ಆಯ್ತು. ಸಿಕ್ಕಿದ್ದು ಜಿಮ್ಮಿ ಕಾರ್ಟರ್‌ಗೆ.